ಗರ್ಭದೊಳಗಿನ ಆಜ್ಞಾಪತ್ರ: ಅನ್ನಾಂಗ ‘ಎ’ಯ ಕಥೆ

1933ರಲ್ಲಿ ಅಮೆರಿಕದ ಅನುವಂಶೀಯತಾ ವಿಜ್ಞಾನದ ಪತ್ರಿಕೆಯೊಂದರಲ್ಲಿ ‘ಕಣ್ಣುಗುಡ್ಡೆಗಳಿಲ್ಲದೆ ಹುಟ್ಟಿದ ಹಂದಿಗಳು’ ಎಂಬರ್ಥದ ಶೀರ್ಷಿಕೆಯ ಪುಟ್ಟ ಲೇಖನವೊಂದು ಪ್ರಕಟವಾಯಿತು. ಬರೆದವರು ಟೆಕ್ಸಸ್ ರಾಜ್ಯದ ಕೃಷಿ ಪ್ರಯೋಗ ಕೇಂದ್ರದ ಫ್ರೆಡ್ ಹೇಲ್. ಗರ್ಭ ಧರಿಸುವುದಕ್ಕೆ ಮುನ್ನವೂ, ಧರಿಸಿದ ಮೊದಲ ದಿನಗಳಲ್ಲಿಯೂ ಅನ್ನಾಂಗ ‘ಎ’ ಇಲ್ಲದ ಮೇವನ್ನು ತಿಂದ ಒಂದು ಹೆಣ್ಣು ಹಂದಿ ಹನ್ನೊಂದು ಮರಿಗಳನ್ನು ಈಯಿತು. ಹನ್ನೊಂದರಲ್ಲಿ ಒಂದಕ್ಕೂ ಕಣ್ಣುಗುಡ್ಡೆಗಳಿರಲಿಲ್ಲ.

ಹುಟ್ಟುಕುರುಡು, ಸೀಳುತುಟಿ, ಕೂಡಿಕೊಂಡ ಬೆರಳುಗಳು, ಇವೆಲ್ಲ ರಕ್ತದಲ್ಲಿ ಹರಿದುಬಂದ ದೋಷವೆಂದು ಅಂದಿನ ವೈದ್ಯರೂ ನಂಬಿದ್ದರು. ಸಾಮಾನ್ಯ ಜನರಂತೂ ಗ್ರಹಣ, ಶಾಪ, ಪೂರ್ವಜನ್ಮದ ಕರ್ಮ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದರು. ಎಲ್ಲ ದೇಶಗಳಲ್ಲಿಯೂ ಈ ಆರೋಪದ ಭಾರ ಹೆಚ್ಚಾಗಿ ಬಿದ್ದದ್ದು ತಾಯಿಯ ಮೇಲೆಯೇ. ಹೇಲ್ ಅವರು ಅಲ್ಲಿಗೆ ನಿಲ್ಲಲಿಲ್ಲ. ಕುರುಡಾಗಿ ಹುಟ್ಟಿದ ಹಂದಿಗಳನ್ನೇ ಸಾಕಿ, ಒಳ್ಳೆಯ ಮೇವು ಕೊಟ್ಟು, ಅವುಗಳಿಂದ ಮರಿ ಮಾಡಿಸಿದರು. ಆ ಮರಿಗಳಿಗೆ ಕಣ್ಣುಗಳಿದ್ದವು. ದೋಷ ರಕ್ತದಲ್ಲಿದ್ದರೆ ಅದು ಮುಂದಿನ ಪೀಳಿಗೆಯಲ್ಲಿಯೂ ಕಾಣಬೇಕಿತ್ತು, ಕಾಣಲಿಲ್ಲ. ಇದಕ್ಕಿಂತ ಗಟ್ಟಿಯಾದ ಪಾಟೀಸವಾಲು ಇನ್ನೊಂದಿರಲಾರದು.

ಈ ‘ಅನ್ನಾಂಗ’ವನ್ನು ಇಂದಿನ ಪಠ್ಯಪುಸ್ತಕಗಳು ಜೀವಸತ್ವವೆಂದೂ ವಿಟಮಿನ್ ಎಂದೂ ಕರೆಯುತ್ತವೆ. ಹಳೆಯ ಮಾತೇ ಸೊಗಸಾಗಿರುವುದರಿಂದ ಇಲ್ಲಿ ಅದನ್ನೇ ಉಳಿಸಿಕೊಳ್ಳಲಾಗಿದೆ. 1913ರಲ್ಲಿ ವಿಸ್ಕಾನ್ಸಿನ್‌ನ ಮೆಕಾಲಮ್ ಮತ್ತು ಮಾರ್ಗರೀಟ್ ಡೇವಿಸ್ ಅವರು ಬೆಣ್ಣೆ ಮತ್ತು ಮೊಟ್ಟೆಯ ಕೊಬ್ಬಿನಲ್ಲಿ ಅಡಗಿರುವ ಈ ಸತ್ವದ ಸುಳಿವು ಹಿಡಿದಿದ್ದರು. ಅದು ಕಣ್ಣಿನ ಅಕ್ಷಿಪಟಲದಲ್ಲಿದೆಯೆಂಬುದನ್ನು ಜಾರ್ಜ್ ವಾಲ್ಡ್ ಕಂಡದ್ದು ಹೇಲ್ ಅವರ ಲೇಖನ ಬಂದ 1933ರಲ್ಲಿಯೇ. ಇರುಳುಗುರುಡಿಗೂ ಇದಕ್ಕೂ ಇರುವ ನಂಟನ್ನು ಏಳನೆಯ ತರಗತಿಯ ಮಗುವೂ ಇಂದು ಹೇಳಬಲ್ಲದು. ಆದರೆ ಕಣ್ಣು ಕಾಣಲು ಬೇಕಾದ ವಸ್ತುವೊಂದು ಕಣ್ಣು ಉಂಟಾಗುವುದಕ್ಕೂ ಬೇಕೇಬೇಕೆಂಬುದು ಬೇರೆಯೇ ಮಾತು.

ಆ ಮಾತಿನ ಜಾಡು ಹಿಡಿದವರು ವಿಯೆನ್ನಾದಿಂದ ಅಮೆರಿಕದ ಸಿನ್ಸಿನಾಟಿಗೆ ಬಂದು ನೆಲೆಸಿದ ಮಕ್ಕಳ ವೈದ್ಯ ಜೋಸೆಫ್ ವಾರ್ಕನಿ. ಅವರೂ ಅವರ ಸಂಗಡಿಗರೂ 1940ರ ದಶಕದಲ್ಲಿ ಅನ್ನಾಂಗ ‘ಎ’ಯ ಕೊರತೆಯಿದ್ದ ತಾಯಿ ಇಲಿಗಳ ಮರಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಕೆಟ್ಟದ್ದು ಕಣ್ಣು ಮಾತ್ರವಾಗಿರಲಿಲ್ಲ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಗಳು, ಮೂತ್ರಪಿಂಡ, ಶ್ವಾಸಕೋಶ, ವಪೆ, ಜನನಾಂಗ, ಎಲ್ಲೆಡೆ ಊನಗಳಿದ್ದವು. 1953ರಲ್ಲಿ ವಿಲ್ಸನ್, ರಾತ್ ಮತ್ತು ವಾರ್ಕನಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಕೊರತೆಯಿದ್ದ ತಾಯಂದಿರಿಗೆ ಗರ್ಭದ ಬೇರೆ ಬೇರೆ ದಿನಗಳಲ್ಲಿ ಅನ್ನಾಂಗವನ್ನು ಮರಳಿ ಕೊಟ್ಟು, ಯಾವ ದಿನ ಕೊಟ್ಟರೆ ಯಾವ ಅಂಗ ಉಳಿಯುತ್ತದೆಂದು ನೋಡಿದರು. ಬೇಗ ಕೊಟ್ಟಷ್ಟೂ ಹೆಚ್ಚು ಅಂಗಗಳು ಉಳಿದವು, ತಡವಾದಂತೆ ಒಂದೊಂದೇ ಕೈತಪ್ಪಿದವು. ಕಾನೂನಿನಲ್ಲಿ ದಾವೆ ಹೂಡಲು ಕಾಲಮಿತಿಯಿರುವಂತೆ ದೇಹದಲ್ಲಿಯೂ ಪ್ರತಿಯೊಂದು ಅಂಗಕ್ಕೆ ಅದರದೇ ಗಡುವಿದೆ. ಗಡುವು ಮೀರಿದ ಮೇಲೆ ಎಷ್ಟು ಸುರಿದರೂ ಕಳೆದುಹೋದ ಅಂಗ ಮರಳಿ ಬಾರದು.

ಅದೇ 1953ರಲ್ಲಿ ನ್ಯೂಯಾರ್ಕಿನ ಸಿಡ್ನಿ ಕೋಲನ್ ಅವರು ತಿರುಗುಮುರುಗಾದ ಪ್ರಯೋಗವೊಂದನ್ನು ಪ್ರಕಟಿಸಿದರು. ಗರ್ಭ ಧರಿಸಿದ ಇಲಿಗಳಿಗೆ ಅನ್ನಾಂಗ ‘ಎ’ಯನ್ನು ಮಿತಿಮೀರಿ ಉಣಿಸಿದಾಗ ಮರಿಗಳ ಮಿದುಳು ತಲೆಬುರುಡೆಯ ಹೊರಗೇ ಬೆಳೆದಿತ್ತು, ಅಂಗುಳು ಸೀಳಿತ್ತು. ಕೊರತೆಯೂ ಕೆಡಿಸುತ್ತದೆ, ಅತಿಯೂ ಕೆಡಿಸುತ್ತದೆ. ಕೇವಲ ಆಹಾರವಾದ ವಸ್ತುವಿನ ನಡತೆ ಹೀಗಿರುವುದಿಲ್ಲ. ಸೌದೆ ಕಡಿಮೆಯಾದರೆ ಒಲೆ ಆರುತ್ತದೆ, ಆದರೆ ಸೌದೆ ಹೆಚ್ಚಾದ ಮಾತ್ರಕ್ಕೆ ಅಕ್ಕಿ ಬೇಳೆಯಾಗುವುದಿಲ್ಲ. ಅನ್ನಾಂಗ ‘ಎ’ ಸೌದೆಯಾಗಿರದೆ ಸಂದೇಶವಾಗಿರಬೇಕು, ಒಂದು ಬಗೆಯ ಆಜ್ಞಾಪತ್ರವಾಗಿರಬೇಕು ಎಂಬ ಅನುಮಾನ ಬೆಳೆದದ್ದು ಹೀಗೆ. ಆಜ್ಞಾಪತ್ರವೆಂದ ಮೇಲೆ ಅದನ್ನು ಓದಿಕೊಳ್ಳುವವನೊಬ್ಬನಿರಬೇಕಲ್ಲ? ಆ ಓದುಗನನ್ನು ಕಂಡುಹಿಡಿಯಲು ಮತ್ತೆ 34 ವರ್ಷಗಳು ಬೇಕಾದವು.

ಕಂಡುಹಿಡಿದವರಲ್ಲಿ ಒಬ್ಬರು ಪಿಯೆರ್ ಶಾಂಬೊ. 1931ರಲ್ಲಿ ಫ್ರಾನ್ಸಿನ ಮುಲೂಜ್ ಪಟ್ಟಣದಲ್ಲಿ ಹುಟ್ಟಿದ ಅವರ ಜೀವಮಾನದ ಕೆಲಸವೆಲ್ಲ ನಡೆದದ್ದು ಹತ್ತಿರದ ಸ್ಟ್ರಾಸ್‌ಬರ್ಗ್ ನಗರದಲ್ಲಿ. ಆ ಸೀಮೆಯ ಹೆಸರು ಅಲ್ಸಾಸ್. ಜರ್ಮನಿಗೂ ಫ್ರಾನ್ಸಿಗೂ ನಡುವೆ ಹಲವು ಸಲ ಕೈ ಬದಲಾಯಿಸಿ, ಮನೆಯ ಮಾತು ಒಂದು, ಕಚೇರಿಯ ಮಾತು ಇನ್ನೊಂದು ಎಂಬ ಅನುಭವವನ್ನು ಚೆನ್ನಾಗಿ ಬಲ್ಲ ಗಡಿನಾಡು ಅದು. ಗಡಿಯಾಚೆಗೆ ಉಳಿದ ಕನ್ನಡಿಗರಿಗೆ ಆ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ.

1980ರ ದಶಕದಲ್ಲಿ ಶಾಂಬೊ ಅವರ ಪ್ರಯೋಗಾಲಯ ಹಾರ್ಮೋನುಗಳ ಕುರಿತು ದುಡಿಯುತ್ತಿತ್ತು. ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನು ಜೀವಕೋಶದೊಳಗೆ ಹೋಗಿ ಒಂದು ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ಆ ಪ್ರೋಟೀನು ವಂಶವಾಹಿಗಳ ಮೇಲೆ ಕುಳಿತು ಅವುಗಳನ್ನು ಎಬ್ಬಿಸುತ್ತದೆ. ಇಂಥ ಪ್ರೋಟೀನುಗಳಿಗೆ ಇಲ್ಲಿ ‘ಗ್ರಾಹಿ’ ಎನ್ನೋಣ. ‘ಗ್ರಾಹಕ’ ಎಂದರೆ ಅಂಗಡಿಗೆ ಬಂದವನೆಂದು ತಿಳಿಯುವ ಅಪಾಯವಿದೆ. ಗ್ರಾಹಿಗೆ ಮುಖ್ಯವಾಗಿ ಎರಡು ಕೈಗಳಿರುತ್ತವೆ. ಒಂದು ಕೈ ಹಾರ್ಮೋನನ್ನು ಹಿಡಿಯುತ್ತದೆ, ಇನ್ನೊಂದು ಡಿಎನ್‌ಎಯನ್ನು ಹಿಡಿಯುತ್ತದೆ. ಡಿಎನ್‌ಎಯನ್ನು ಹಿಡಿಯುವ ಕೈ ಎಲ್ಲ ಗ್ರಾಹಿಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ತರಹದ್ದು. ಆ ಹೋಲಿಕೆಯನ್ನೇ ಬಲೆಯಾಗಿ ಬೀಸಿದಾಗ ಹೊಸ ಗ್ರಾಹಿಯೊಂದು ಸಿಕ್ಕಿತು. ಆದರೆ ಅದು ಯಾವ ವಸ್ತುವಿನ ಆಜ್ಞೆಯನ್ನು ಓದುತ್ತದೆ, ಯಾವ ವಂಶವಾಹಿಯನ್ನು ಎಬ್ಬಿಸುತ್ತದೆ ಎಂಬುದು ಯಾರಿಗೂ ತಿಳಿದಿರಲಿಲ್ಲ.

ಇಲ್ಲಿ ಶಾಂಬೊ ಮತ್ತು ಅವರ ಸಹೋದ್ಯೋಗಿ ಮಾರ್ಟಿನ್ ಪೆಟ್ಕೋವಿಚ್ ಮೊದಲಾದವರು ಮಾಡಿದ ಉಪಾಯ ನೆನಪಿಡತಕ್ಕದ್ದು. ಅಪರಿಚಿತ ಗ್ರಾಹಿಯ ಡಿಎನ್‌ಎ ಹಿಡಿಯುವ ಕೈಯನ್ನು ತೆಗೆದು, ಆ ಜಾಗದಲ್ಲಿ ಈಸ್ಟ್ರೋಜನ್ ಗ್ರಾಹಿಯ ಕೈಯನ್ನು ಕಸಿ ಮಾಡಿದರು. ಈಸ್ಟ್ರೋಜನ್ ಗ್ರಾಹಿ ಯಾವ ವಂಶವಾಹಿಯನ್ನು ಎಬ್ಬಿಸುತ್ತದೆಂಬುದು ಅವರಿಗೆ ಗೊತ್ತಿತ್ತು. ಇನ್ನು ಒಂದೊಂದೇ ವಸ್ತುವನ್ನು ಕೊಟ್ಟು, ಆ ವಂಶವಾಹಿ ಏಳುತ್ತದೆಯೇ ಎಂದು ನೋಡಿದರಾಯಿತು. ಅದು ಎದ್ದದ್ದು ರೆಟಿನೊಯಿಕ್ ಆಮ್ಲಕ್ಕೆ, ಎಂದರೆ ನಮ್ಮ ದೇಹ ಅನ್ನಾಂಗ ‘ಎ’ಯಿಂದಲೇ ಮಾಡಿಕೊಳ್ಳುವ ವಸ್ತುವಿಗೆ. ಅಮೆರಿಕದ ಸಾಕ್ ಸಂಸ್ಥೆಯ ರೊನಾಲ್ಡ್ ಇವಾನ್ಸ್ ಅವರ ತಂಡವೂ ಸ್ವತಂತ್ರವಾಗಿ ಇದೇ ಗ್ರಾಹಿಯನ್ನು ತಲುಪಿತ್ತು. ಎರಡು ತಂಡಗಳ ವರದಿಗಳೂ 1987ರ ಡಿಸೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದವು. 2004ರಲ್ಲಿ ಇಬ್ಬರಿಗೂ, ಗ್ರಾಹಿ ಸಂಶೋಧನೆಯ ಹಿರಿಯರಾದ ಎಲ್ವುಡ್ ಜೆನ್ಸನ್ ಅವರಿಗೂ ಲಾಸ್ಕರ್ ಪ್ರಶಸ್ತಿ ಸಂದಿತು.

ಕ್ರಮವಾಗಿ ತಿಳಿದುಬಂದ ವಿಧಾನ ಹೀಗಿದೆ. ತಾಯಿಯ ಪಿತ್ತಜನಕಾಂಗ ಅನ್ನಾಂಗ ‘ಎ’ಯ ಕಣಜ. ಅಲ್ಲಿಂದ ಅದು ರಕ್ತದ ಮೂಲಕ ಭ್ರೂಣವನ್ನು ಸೇರುತ್ತದೆ. ಭ್ರೂಣದ ಕೆಲವು ಕೋಶಗಳಲ್ಲಿ ಮಾತ್ರ ಅದನ್ನು ಎರಡು ಹಂತಗಳಲ್ಲಿ ರೆಟಿನೊಯಿಕ್ ಆಮ್ಲವಾಗಿಸುವ ಕಿಣ್ವಗಳಿರುತ್ತವೆ. ಹಾಗೆ ತಯಾರಾದ ಆಮ್ಲ ನೆರೆಯ ಕೋಶಗಳಿಗೂ ಹರಡಿ, ಕೋಶಕೇಂದ್ರದಲ್ಲಿ ಡಿಎನ್‌ಎಯ ಮೇಲೆ ಕಾದು ಕುಳಿತಿರುವ ಗ್ರಾಹಿಯ ಕೈ ಸೇರುತ್ತದೆ. ಆಮ್ಲ ಬರುವ ತನಕ ಗ್ರಾಹಿ ಆ ವಂಶವಾಹಿಯನ್ನು ಸುಮ್ಮನಿರಿಸಿರುತ್ತದೆ, ಎಂದರೆ ಅದೊಂದು ತಡೆಯಾಜ್ಞೆ. ಆಮ್ಲ ಬಂದೊಡನೆ ತಡೆ ತೆರವಾಗಿ ಕೆಲಸ ಆರಂಭವಾಗುತ್ತದೆ. ಹೀಗೆ ಎಚ್ಚರಗೊಳ್ಳುವವುಗಳಲ್ಲಿ ‘ಹಾಕ್ಸ್’ ಎಂಬ ವಂಶವಾಹಿಗಳು ಮುಖ್ಯವಾದವು. ಇದು ಕತ್ತು, ಇದು ಎದೆ, ಇದು ಸೊಂಟ ಎಂದು ಬೆನ್ನುದ್ದಕ್ಕೂ ಎಲ್ಲೆ ಗುರುತಿಸುವ ಶಾನುಭೋಗಿಕೆ ಅವುಗಳದು.

ಭ್ರೂಣದ ನಡುಭಾಗದಲ್ಲಿ ಆಮ್ಲವನ್ನು ಮಾಡುವ ಕಿಣ್ವವಿದ್ದರೆ, ತಲೆಯ ಮತ್ತು ಬಾಲದ ಕಡೆಗಳಲ್ಲಿ ಅದನ್ನು ಒಡೆದುಹಾಕುವ ಬೇರೊಂದು ಕಿಣ್ವವಿರುತ್ತದೆ. ಮಾಡುವವನಷ್ಟೇ ಅಳಿಸುವವನೂ ಮುಖ್ಯ, ಏಕೆಂದರೆ ಎಲ್ಲೆಲ್ಲಿಗೂ ತಲುಪಿದ ಆಜ್ಞೆಗೆ ಅರ್ಥವಿಲ್ಲ.

ಇಷ್ಟಾದರೂ ಸಾಕ್ಷ್ಯ ಪೂರ್ಣವಾಗಿರಲಿಲ್ಲ. ಗ್ರಾಹಿ ಸಿಕ್ಕಿತು, ಸರಿ. ಆದರೆ ಹೇಲ್ ಅವರ ಹಂದಿಮರಿಗಳ ಕಣ್ಣನ್ನು ಕಸಿದದ್ದು ಈ ಗ್ರಾಹಿಗೆ ಸಂದೇಶ ತಲುಪದಿದ್ದುದೇ ಎಂಬುದನ್ನು ಸಾಬೀತುಪಡಿಸುವುದು ಹೇಗೆ? ಬೇಕಾದ ವಂಶವಾಹಿಯೊಂದನ್ನು ಮಾತ್ರ ಕೆಡಿಸಿ ಇಲಿಯನ್ನು ಹುಟ್ಟಿಸುವ ತಂತ್ರ ಅದೇ ತಾನೆ ಬಂದಿತ್ತು, ಅದನ್ನು ರೂಪಿಸಿದವರಿಗೆ 2007ರಲ್ಲಿ ನೊಬೆಲ್ ದೊರೆಯಿತು. ಶಾಂಬೊ ಅವರ ತಂಡ ರೆಟಿನೊಯಿಕ್ ಆಮ್ಲದ ಮೂರು ಗ್ರಾಹಿಗಳನ್ನು ಒಂದೊಂದಾಗಿ ಇಲ್ಲವಾಗಿಸತೊಡಗಿತು. ಮೊದಲ ಫಲಿತಾಂಶಗಳು ನಿರಾಶೆ ತಂದವು. ಒಂದು ಗ್ರಾಹಿ ಇಲ್ಲದಿದ್ದರೂ ಮರಿಗಳಲ್ಲಿ ನಿರೀಕ್ಷಿಸಿದ ಊನಗಳ ಪೂರ್ತಿ ಪಟ್ಟಿ ಕಾಣಲಿಲ್ಲ. ಇಲ್ಲದವನ ಕೆಲಸವನ್ನು ಉಳಿದ ಇಬ್ಬರು ಸಹೋದರರು ಹಂಚಿಕೊಂಡು ಸಾಗಿಸುತ್ತಿದ್ದರು. ಎರಡೆರಡನ್ನು ಒಟ್ಟಿಗೆ ತೆಗೆದಾಗ, 1994ರಲ್ಲಿ ಪ್ರಕಟವಾದ ಎರಡು ದೀರ್ಘ ವರದಿಗಳಲ್ಲಿ, ಕಣ್ಣು, ದೊಡ್ಡ ರಕ್ತನಾಳಗಳು, ಮೂತ್ರಪಿಂಡ, ಶ್ವಾಸಕೋಶ ಎಂದು ವಾರ್ಕನಿಯವರ ಹಳೆಯ ಪಟ್ಟಿಯೆಲ್ಲ ಮರಳಿ ಬಂದಿತು, ಇನ್ನಷ್ಟು ಊನಗಳೂ ಸೇರಿದವು. ಈ ಇಲಿಗಳ ತಾಯಂದಿರಿಗೆ ಆಹಾರದ ಕೊರತೆ ಏನೂ ಇರಲಿಲ್ಲ. ಪತ್ರ ತಲುಪಿತ್ತು, ಓದುವವರಿರಲಿಲ್ಲ.

1999ರಲ್ಲಿ ಅದೇ ಸಂಸ್ಥೆಯ ಕರೆನ್ ನೀಡರ್‌ರೈದರ್ ಮತ್ತು ಪಾಸ್ಕಲ್ ಡೊಲೆ ಅವರು ಶಾಂಬೊ ಅವರೊಡನೆ ಆಮ್ಲವನ್ನು ಮಾಡುವ ಮುಖ್ಯ ಕಿಣ್ವವನ್ನೇ ತೆಗೆದುಹಾಕಿದರು. ಹೃದಯ ತಿರುವು ಪಡೆಯದೆ ನೇರ ಕೊಳವೆಯಾಗಿಯೇ ಉಳಿಯಿತು, ಕೈಕಾಲುಗಳ ಮೊಗ್ಗು ಮೂಡಲಿಲ್ಲ, ಭ್ರೂಣ ಗರ್ಭದ ನಡುಗಾಲದಲ್ಲಿಯೇ ಸತ್ತಿತು. ತಾಯಿಗೆ ಸಕಾಲದಲ್ಲಿ ರೆಟಿನೊಯಿಕ್ ಆಮ್ಲವನ್ನು ತಿನ್ನಿಸಿದಾಗ ಈ ಊನಗಳಲ್ಲಿ ಎಷ್ಟೋ ತಪ್ಪಿದವು. ಅಳಿಸುವ ಕಿಣ್ವವಿಲ್ಲದ ಇಲಿಗಳ ವರದಿ 2001ರಲ್ಲಿ ಬಂತು. ಅವುಗಳ ಬೆನ್ನಿನ ಕೆಳಭಾಗ ಮೊಟಕಾಗಿತ್ತು, ಅನ್ನಾಂಗ ‘ಎ’ ಅತಿಯಾದಾಗ ಆಗುವಂತೆಯೇ. ಅನಂತರ ನಡೆದ ಪ್ರಯೋಗವೊಂದು ಇಡೀ ಕಥೆಯಲ್ಲಿಯೇ ಅತ್ಯಂತ ಚೆಲುವಾದದ್ದು. ಅಳಿಸುವ ಕಿಣ್ವವಿಲ್ಲದ ಇಲಿಗಳಲ್ಲಿ ಮಾಡುವ ಕಿಣ್ವದ ಎರಡು ಪ್ರತಿಗಳಲ್ಲಿ ಒಂದನ್ನೂ ತೆಗೆದುಬಿಟ್ಟರು. ಒಂದು ಊನಕ್ಕೆ ಇನ್ನೊಂದು ಊನ ಸೇರಿದರೆ ಪರಿಣಾಮ ಇಮ್ಮಡಿ ಕೆಡಬೇಕಲ್ಲವೇ? ಆದದ್ದು ಬೇರೆ, ಮರಿಗಳು ಚೇತರಿಸಿಕೊಂಡವು. ಖರ್ಚು ನಿಂತ ಮನೆಯಲ್ಲಿ ಆದಾಯವನ್ನೂ ಅರ್ಧಕ್ಕಿಳಿಸಿದಾಗ ಲೆಕ್ಕ ಸರಿದೂಗಿದಂತೆ. ಕೊರತೆ ಮತ್ತು ಅತಿ ಎರಡು ಬೇರೆ ರೋಗಗಳಲ್ಲ, ಒಂದೇ ತಕ್ಕಡಿಯ ಎರಡು ತಟ್ಟೆಗಳೆಂಬುದಕ್ಕೆ ಇದಕ್ಕಿಂತ ಬೇರೆ ರುಜುವಾತು ಬೇಕಿರಲಿಲ್ಲ.

ಈ ಕಥೆಯಲ್ಲಿ ಭಾರತದ ಪಾಲೂ ಇದೆ, ಅದು ನಮ್ಮ ಪಠ್ಯಪುಸ್ತಕಗಳನ್ನು ಸೇರಬೇಕಾದದ್ದು. 1978ರಲ್ಲಿ ಜಯಪುರದ ರಾಜಸ್ಥಾನ ವಿಶ್ವವಿದ್ಯಾಲಯದ ನಿಯಾಜಿ ಮತ್ತು ಸಕ್ಸೇನಾ ಎಂಬ ಇಬ್ಬರು ನೆಲಗಪ್ಪೆಯ ಗೊದಮೊಟ್ಟೆಗಳ ಹಿಂಗಾಲನ್ನು ಕತ್ತರಿಸಿ, ಅವುಗಳನ್ನು ಅನ್ನಾಂಗ ‘ಎ’ ಬೆರೆಸಿದ ನೀರಿನಲ್ಲಿ ಬಿಟ್ಟರು. ಕತ್ತರಿಸಿದಷ್ಟೇ ಭಾಗ ಬೆಳೆಯುವ ಬದಲು ವಿಚಿತ್ರವಾದ ಕಾಲುಗಳು ಬೆಳೆದವು. ನಾಲ್ಕು ವರ್ಷಗಳ ಬಳಿಕ ಲಂಡನ್ನಿನ ಮಾಲ್ಕಮ್ ಮೇಡನ್ ಅವರು ಆಕ್ಸಲಾಟಲ್ ಎಂಬ ನೀರುಪ್ರಾಣಿಯಲ್ಲಿ ಇದನ್ನು ಮುಂದುವರಿಸಿದರು. ಮುಂಗೈ ಕತ್ತರಿಸಿದ ಜಾಗದಿಂದ ತೋಳಿನಿಂದ ಮೊದಲ್ಗೊಂಡು ಇಡೀ ಕೈ ಹೊರಟಿತ್ತು. 1992ರಲ್ಲಿ ಭುವನೇಶ್ವರದ ಉತ್ಕಲ ವಿಶ್ವವಿದ್ಯಾಲಯದ ಪ್ರಿಯಂವದಾ ಮೊಹಾಂತಿ ಹೆಜ್ಮಾಡಿ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿ ಎಲ್ಲರನ್ನೂ ಬೆರಗುಗೊಳಿಸಿತು. ಭಾರತದ್ದೇ ಆದ ಒಂದು ದುಂಡುಗಪ್ಪೆಯ ಗೊದಮೊಟ್ಟೆಗಳ ಬಾಲವನ್ನು ಕತ್ತರಿಸಿ ಅನ್ನಾಂಗ ‘ಎ’ ಉಪಚಾರ ಕೊಟ್ಟಾಗ ಬಾಲದ ಜಾಗದಲ್ಲಿ ಕಾಲುಗಳು ಹುಟ್ಟಿದ್ದವು! ಹೆಜ್ಮಾಡಿಯವರು ಒಡಿಸ್ಸಿ ನೃತ್ಯದ ಹೆಸರಾಂತ ಕಲಾವಿದೆಯೂ ಹೌದು. ವಿಜ್ಞಾನ ಓದುವ ಮಗಳು ನೃತ್ಯ ಬಿಡಬೇಕೆಂದು ವಾದಿಸುವ ಪಾಲಕರ ಗಮನಕ್ಕೆ ಇದು ಬರಲಿ.

ಇಲ್ಲಿ ಒಂದು ಎಚ್ಚರ ಬೇಕು. ಹೊರಗಿನಿಂದ ಸುರಿದ ವಸ್ತು ಕಾಲನ್ನು ಬೆಳೆಸಬಲ್ಲದೆಂಬುದು, ಸಹಜವಾಗಿ ಕಾಲು ಬೆಳೆಯುವುದು ಅದರಿಂದಲೇ ಎಂಬುದಕ್ಕೆ ಪುರಾವೆಯಲ್ಲ. ಒಬ್ಬನಿಗೆ ಕೃತ್ಯ ಎಸಗುವ ಸಾಮರ್ಥ್ಯವಿತ್ತೆಂದ ಮಾತ್ರಕ್ಕೆ ಅವನೇ ಎಸಗಿದನೆಂದು ಯಾವ ನ್ಯಾಯಾಲಯವೂ ತೀರ್ಪು ಕೊಡುವುದಿಲ್ಲ. ಕೈಕಾಲುಗಳ ವಿಷಯದಲ್ಲಿ ವಿಜ್ಞಾನಿಗಳು ಇದನ್ನು ತಡವಾಗಿ ಮನಗಂಡರು. ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ ಗ್ರೆಗ್ ಡೂಸ್ಟರ್ ಅವರ ತಂಡ, ಕಾಲು ಮೂಡುವ ಜಾಗದಲ್ಲಿ ರೆಟಿನೊಯಿಕ್ ಆಮ್ಲವೇ ಇಲ್ಲದ ಇಲಿಗಳಲ್ಲಿಯೂ ಹಿಂಗಾಲು ನೆಟ್ಟಗೆ ಬೆಳೆಯುವುದನ್ನು 2009ರಲ್ಲಿ ತೋರಿಸಿತು. ಮುಂಗಾಲು ಮಾತ್ರ ಕುಂಠಿತವಾಗಿತ್ತು. ಈ ವ್ಯಾಜ್ಯ ಬಹುಕಾಲ ನಡೆಯಿತು, ಅದರಿಂದ ತಿಳುವಳಿಕೆ ಇನ್ನಷ್ಟು ಹರಿತವಾಯಿತು.

ಇಲಿ ಕಪ್ಪೆಗಳ ಮಾತು ಮನುಷ್ಯರ ಮನೆಗೆ ಬಂದದ್ದು ಮೊಡವೆಯ ಮಾತ್ರೆಯ ಮೂಲಕ. ಐಸೊಟ್ರೆಟಿನೊಯಿನ್ ಎಂಬುದು ರೆಟಿನೊಯಿಕ್ ಆಮ್ಲದ್ದೇ ಒಂದು ರೂಪ. ಯಾವ ಮದ್ದಿಗೂ ಬಗ್ಗದ ತೀವ್ರ ಮೊಡವೆಗೆ ಇದು ನಿಜಕ್ಕೂ ಒಳ್ಳೆಯ ಔಷಧ. 1982ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆತಾಗಲೇ ಗರ್ಭಿಣಿಯರಿಗೆ ಸಲ್ಲದೆಂಬ ಎಚ್ಚರಿಕೆಯಿತ್ತು. ಆದರೂ 1985ರಲ್ಲಿ ಲ್ಯಾಮರ್ ಮತ್ತು ಸಂಗಡಿಗರು ಪ್ರಕಟಿಸಿದ ವರದಿಯಲ್ಲಿ, ಗರ್ಭದಲ್ಲಿದ್ದಾಗ ಈ ಔಷಧಕ್ಕೆ ಒಡ್ಡಿಕೊಂಡ 154 ಪ್ರಕರಣಗಳಿದ್ದವು. ಅವುಗಳಲ್ಲಿ 95ರಲ್ಲಿ ಗರ್ಭಪಾತ ಮಾಡಿಸಿಕೊಳ್ಳಲಾಗಿತ್ತು, 12 ತಾವಾಗಿಯೇ ಬಿದ್ದುಹೋಗಿದ್ದವು. ಉಳಿದ 47ರಲ್ಲಿ 21 ಶಿಶುಗಳಿಗೆ ಕಿವಿ, ಮುಖ, ಹೃದಯ, ಮಿದುಳುಗಳ ಊನವಿತ್ತು. ಪ್ರಾಣಿಗಳಲ್ಲಿ ಕಂಡ ದಾರುಣ ಚಿತ್ರ ಮನುಷ್ಯಶಿಶುವಿನಲ್ಲಿಯೂ ಕಂಡಿತ್ತು. ಇಂದು ಅಮೆರಿಕದಲ್ಲಿ ಗರ್ಭ ಧರಿಸಬಲ್ಲ ಸ್ತ್ರೀಗೆ ಈ ಮಾತ್ರೆ ಕೊಡುವ ಮುನ್ನ ಗರ್ಭಪರೀಕ್ಷೆ ಕಡ್ಡಾಯ.

ನಮ್ಮಲ್ಲಿಯೂ ಇದು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧ. ಕಾನೂನು ಹಾಗಿದೆ. ಆದರೆ ಗೆಳತಿಗೆ ಗುಣವಾಯಿತೆಂದು ಅದೇ ಮಾತ್ರೆಯ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಔಷಧದಂಗಡಿಗೆ ಹೋಗುವವರು ಯಾವ ಊರಿನಲ್ಲಿಲ್ಲ? ಪೊಟ್ಟಣದ ಮೇಲಿನ ಎಚ್ಚರಿಕೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರಗಳಲ್ಲಿರುತ್ತದೆ. ಅಂಗಡಿಯವನ ಮಾತು ಊರಿಗೆ ತಕ್ಕಂತೆ ಮಲಯಾಳ, ತಮಿಳು, ಮರಾಠಿ ಇಲ್ಲವೇ ತೆಲುಗು. ಗಡಿಯಾಚೆಯ ಕನ್ನಡದ ಮನೆಯಲ್ಲಿ ಮದುವೆ ಗೊತ್ತಾದ ಹುಡುಗಿಯೊಬ್ಬಳು ಮುಖ ತಿಳಿಯಾಗಲೆಂದು ಈ ಮಾತ್ರೆ ನುಂಗುತ್ತಿದ್ದರೆ, ಅದರ ಅಪಾಯವನ್ನು ಅವಳ ಮಾತಿನಲ್ಲಿ ಹೇಳುವವರು ಮನೆಯವರೇ ಆಗಬೇಕು. ಐಸೊಟ್ರೆಟಿನೊಯಿನ್ ನಿಲ್ಲಿಸಿದ ಮೇಲೆಯೂ ಕನಿಷ್ಠ ಒಂದು ತಿಂಗಳು ಗರ್ಭ ಧರಿಸಬಾರದು.

ಹಾಗಾದರೆ ಬಸುರಿ ಏನು ತಿನ್ನಬೇಕು? ಇಲ್ಲಿ ಹೆದರಿಕೆಗೆ ಕಾರಣವಿಲ್ಲ. ನುಗ್ಗೆಸೊಪ್ಪು, ಹರಿವೆ, ಗಜ್ಜರಿ, ಪಪ್ಪಾಯಿ ಹಣ್ಣು, ಮಾವು, ಸಿಹಿಗುಂಬಳ, ಇವುಗಳಲ್ಲಿರುವುದು ಸಿದ್ಧ ಅನ್ನಾಂಗ ‘ಎ’ ಅಲ್ಲ, ಅದರ ಕಚ್ಚಾ ವಸ್ತುವಾದ ಕ್ಯಾರೊಟೀನು. ದೇಹ ಅದನ್ನು ತನಗೆ ಬೇಕಾದಷ್ಟೇ ಪರಿವರ್ತಿಸಿಕೊಳ್ಳುತ್ತದೆ. ಸೊಪ್ಪು ತಿಂದು ಮಗುವಿಗೆ ಊನವಾದದ್ದಿಲ್ಲ. ಹಾಲು, ಮೊಟ್ಟೆ, ಮೀನು ಹಿತಮಿತವಾಗಿ ಒಳ್ಳೆಯವೇ. ಎಚ್ಚರ ಬೇಕಾದದ್ದು ಸಿದ್ಧ ಅನ್ನಾಂಗ ತುಂಬಿಕೊಂಡಿರುವ ಪಿತ್ತಜನಕಾಂಗದ ಮಾಂಸ, ಮೀನಿನ ಪಿತ್ತಜನಕಾಂಗದ ಎಣ್ಣೆ ಮತ್ತು ಶಕ್ತಿವರ್ಧಕವೆಂದು ಮಾರುವ ಗುಳಿಗೆಗಳ ಬಗ್ಗೆ. 1995ರಲ್ಲಿ ಬಾಸ್ಟನ್ನಿನ ರಾತ್‌ಮನ್ ಮೊದಲಾದವರು 22,000ಕ್ಕೂ ಹೆಚ್ಚು ಗರ್ಭಿಣಿಯರ ಮಾಹಿತಿಯನ್ನು ಪರಿಶೀಲಿಸಿ, ದಿನಕ್ಕೆ 10,000 ಅಂತರರಾಷ್ಟ್ರೀಯ ಘಟಕಗಳಿಗಿಂತ ಹೆಚ್ಚು ಸಿದ್ಧ ಅನ್ನಾಂಗವನ್ನು ಗುಳಿಗೆಯಾಗಿ ಸೇವಿಸಿದವರಲ್ಲಿ ಅಪಾಯ ಹೆಚ್ಚೆಂದು ವರದಿ ಮಾಡಿದರು. ಮಿತಿ ನಿಖರವಾಗಿ ಅಷ್ಟೇ ಎಂಬುದನ್ನು ಕೆಲವರು ಒಪ್ಪಲಿಲ್ಲ, ಆದರೂ ಎಚ್ಚರಿಕೆಗೆ ಅದು ಸಾಕಷ್ಟಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೇ ಜಾಡಿನದು: ಎಲ್ಲ ಬಸುರಿಯರಿಗೂ ಈ ಗುಳಿಗೆ ಬೇಡ. ಇರುಳುಗುರುಡು ವ್ಯಾಪಕವಾಗಿರುವ ಪ್ರದೇಶಗಳಲ್ಲಿ ಮಾತ್ರ ದಿನಕ್ಕೆ 10,000 ಘಟಕಗಳವರೆಗೆ ಇಲ್ಲವೇ ವಾರಕ್ಕೆ 25,000 ಘಟಕಗಳವರೆಗೆ ಕೊಡಬಹುದು. ಬಸುರಿಗೆ ಮುಸ್ಸಂಜೆಯಲ್ಲಿ ಕಣ್ಣು ಮಂಜಾದರೆ ಅದನ್ನು ‘ಬಸಿರಲ್ಲಿ ಹಾಗೇ’ ಎಂದು ತಳ್ಳಿಹಾಕದೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು.

ಅಂಗನವಾಡಿಗಳಲ್ಲಿ ಒಂಬತ್ತು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಕೊಡುವ ಅನ್ನಾಂಗ ‘ಎ’ ದ್ರಾವಣವನ್ನು ತಪ್ಪಿಸಬಾರದು. ಅದರಿಂದ ಉಳಿದ ಕಣ್ಣುಗಳು, ಜೀವಗಳು ಅನೇಕ. ಆದರೆ ಮಗುವಿನ ಒಂದು ಸಲದ ಪ್ರಮಾಣ ಮೊದಲಿಗೆ 1 ಲಕ್ಷ ಘಟಕ, ಆಮೇಲೆ 2 ಲಕ್ಷ. ಮಗುವಿಗೆ ಒಳ್ಳೆಯದಾದದ್ದು ತನಗೂ ಒಳ್ಳೆಯದೆಂದು ಬಸುರಿ ತಾಯಿ ಒಂದು ಚಮಚ ನೆಕ್ಕುವಂತಿಲ್ಲ. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಬಸುರಿಯರಿಗೆ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯಲ್ಲಿ ಅನ್ನಾಂಗ ‘ಎ’ ಇರುವುದಿಲ್ಲ, ಈ ಲೇಖನ ಓದಿ ಅದನ್ನು ಯಾರೂ ನಿಲ್ಲಿಸಬೇಕಾಗಿಲ್ಲ.